ಕೇಪು ಆರಿಸಿದವನು

"ನಿಲ್ಲಿ ಮಾರಾಯ್ರೆ, ಮುಚ್ಬೇಡಿ!" ಕಾಂತಪ್ಪ ಪೆಟ್ಟಿಗೆಯ ಮುಚ್ಚಳಕ್ಕೆ ಮೊಣಕೈ ಅಡ್ಡ ಕೊಟ್ಟ.

ಸ್ಕ್ರೂ ತಿರುಗಿಸಲು ಹೊರಟಿದ್ದ ಶವಾಗಾರದ ಬಂಗಾಳಿ ಆಳು ಕೈ ಹಿಂತೆಗೆದು ಗೋಡೆ ಗಡಿಯಾರ ನೋಡಿದ. ಸಂಜೆಯೊಳಗೆ ಪೆಟ್ಟಿಗೆ ವಿಮಾನ ನಿಲ್ದಾಣ ಸೇರಬೇಕಿತ್ತು.

"ಇನ್ನೆಂತದು ಕಾಂತಪ್ಪ?" ಎಂದ ಇದಿನಬ್ಬ. ಕರಾವಳಿಯವರು ಯಾರು ಕುವೈತಿನಲ್ಲಿ ಸತ್ತರೂ ಕಾಗದಪತ್ರಕ್ಕೆ ಓಡಾಡುವವನು ಅವನೇ. "ಬದುಕಿದ್ದಾಗ ಭೋಜನಿಗೆ ಊರಿಗೆ ಹೋಗ್ಲಿಕ್ಕೆ ರಜೆ ಸಿಗ್ಲಿಲ್ಲ. ಈಗ ಸಿಕ್ಕಿದೆ, ತಡ ಮಾಡ್ಬೇಡಿ."

"ಅರ್ಬಾಬ್ ಬಂದಿದ್ದಾನೆ. ನನ್ನ ತಮ್ಮನ ಮುಖ ನೋಡ್ಬೇಕಂತೆ." ಕಾಂತಪ್ಪ ಹಲ್ಲು ಕಚ್ಚಿದ. "ನೋಡ್ಲಿ. ದೂರ ನಿಂತು ನೋಡಿ ಅಭ್ಯಾಸ ಉಂಟಲ್ಲ ಅವನಿಗೆ."

ಗೋಡೆಗೆ ಒರಗಿ ನಿಂತಿದ್ದ ಭೋಜನ ಹೆಂಡತಿ ರತ್ನಾವತಿ ಮಗಳು ನವ್ಯಶ್ರೀಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಗಂಡ ಇಷ್ಟು ವರ್ಷ ದುಡಿದ ಮನೆಯ ಯಜಮಾನನನ್ನು, ಅವನು ಅರ್ಬಾಬ್ ಎನ್ನುತ್ತಿದ್ದವನನ್ನು, ಅವಳು ಕಣ್ಣಾರೆ ನೋಡಿದ್ದೇ ಇಲ್ಲ. ಬಾಗಿಲಲ್ಲಿ ಬಿಳಿ ನಿಲುವಂಗಿಯ ಮುದುಕ ಕಾಣಿಸಿದ. ಅಲ್ಲಿಯೇ ನಿಲ್ಲುತ್ತಾನೆ ಎಂದುಕೊಂಡಳು. ನಿಲ್ಲಲಿಲ್ಲ. ನೇರ ಪೆಟ್ಟಿಗೆಯ ಬಳಿ ಬಂದ, ಬಾಗಿದ, ಬರಿಗೈಯನ್ನು ಭೋಜನ ಹಣೆಯ ಮೇಲಿಟ್ಟ. ತುಟಿ ಅಲ್ಲಾಡಿಸುತ್ತ ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ಅದೇ ಕೈಯಿಂದ ತನ್ನ ಕಣ್ಣು ಒರೆಸಿಕೊಂಡ.

ರತ್ನಾವತಿಗೆ ಅಳು ಬರಲಿಲ್ಲ. ಇವನು ಮುಟ್ಟಿದ. ಮುಟ್ಟುವವನೇ ಆಗಿದ್ದರೆ, ಆ ಬೇರೆ ನೀರಿನ ನಳ್ಳಿ ಯಾಕೆ?

*

ಕುವೈತಿನ ಯುದ್ಧ ಮುಗಿದ ಮರುವರ್ಷ ಭೋಜ ಡ್ರೈವರಾಗಿ ಜಹ್ರಾದ ಆ ಮನೆಗೆ ಸೇರಿದ್ದ. ಯಜಮಾನನಿಗೆ ಗುರಿ ಹೊಡೆಯುವ ಹುಚ್ಚು. ಅವನೂ ಅವನ ಗೆಳೆಯರೂ ಸಣ್ಣ ರೈಫಲ್ಲುಗಳಲ್ಲಿ ಸುಟ್ಟು ಬಿಟ್ಟ ತೋಟೆಗಳು ಚೀಲಗಟ್ಟಲೆ ಬರುತ್ತಿದ್ದವು. ಹಿತ್ತಿಲ ಕೋಣೆಯಲ್ಲಿ ಕೂತು ಅವನ್ನು ಮತ್ತೆ ತುಂಬಿಸುವ ಕೆಲಸ ಭೋಜನಿಗೆ ಬಂತು. ತೋಟೆಯ ತಳದಲ್ಲಿ ಸುಟ್ಟು ಕೂತ ಕೇಪನ್ನು, ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಬಿಲ್ಲೆಯನ್ನು, ಕುಟ್ಟಿ ಉದುರಿಸಬೇಕು, ಖಾಲಿ ಹಿತ್ತಾಳೆಯನ್ನು ಹೊಟ್ಟಿನ ಪುಡಿಯಲ್ಲಿ ಕುಲುಕಿ, ಜರಡಿ ಹಿಡಿದು ಬೆಳಗಬೇಕು, ಹೊಸ ಕೇಪು ಕೂರಿಸಬೇಕು, ಮದ್ದು ಅಳೆಯಬೇಕು. ಕೇಪನ್ನು ಅರ್ಬಾಬ್ ಪ್ರೈಮರ್ ಅನ್ನುತ್ತಿದ್ದ. ಭೋಜನಿಗೆ ಅದು ಕೇಪೇ. ಊರಿನ ಧಣಿಯ ಕೇಪಿನ ಕೋವಿಯನ್ನು ಅವನು ಎಳವೆಯಲ್ಲಿ ದೂರದಿಂದ ನೋಡಿದ್ದ. ಅವನಪ್ಪ ಕಾಡುಹಂದಿ ಸೋವಲು ಮುಳ್ಳಿನಲ್ಲಿ ಓಡಬಹುದಿತ್ತು, ಕೋವಿ ಮುಟ್ಟುವಂತಿರಲಿಲ್ಲ. ಅವರ ಜಾತಿಯವರು ಮುಟ್ಟಿದರೆ ಗುರಿ ಕೆಡುತ್ತದಂತೆ.

"ಈಗ ನಾನು ಮುಟ್ಟಿದ್ರೇ ಗುರಿ ನಿಲ್ಲುದು!" ಎಂದು ಅವನು ರಿಗ್ಗೈಯ ತಮ್ಮ ಫ್ಲ್ಯಾಟಿನಲ್ಲಿ ಗಂಜಿ ಉಣ್ಣುತ್ತ ರತ್ನಾವತಿಗೆ ಹೇಳಿ ನಗುತ್ತಿದ್ದ. "ಕೈಯಲ್ಲಿ ಎಳೆದು ಹೊಡೆಯುವ ರೈಫಲ್ಲಿಗೆ ಮೆತ್ತನೆ ಕೇಪು ಸಾಕು. ತಾನೇ ತುಂಬಿಕೊಳ್ಳುವ ರೈಫಲ್ಲಿಗೆ ಗಟ್ಟಿಯದ್ದೇ ಬೇಕು, ಇಲ್ಲದಿದ್ರೆ ಬಾಯಿ ಮುಚ್ಚುವಾಗ್ಲೇ ಡಮಾರ್! ಸುಟ್ಟ ಕೇಪು ನೋಡಿ ಯಾವುದು ಒಳ್ಳೇದು ಅಂತ ಹೇಳ್ತೇನೆ ನಾನು, ನೀನು ಕಿವಿರು ಬಿಡಿಸಿ ಮೀನು ಆರಿಸಿದ ಹಾಗೆ."

ಆದರೆ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಆ ಕೋಣೆಯಲ್ಲಿ ತುತ್ತು ಎತ್ತಬಾರದು. ಹೊರಗೆ ಅವನಿಗೆಂದೇ ಬೇರೆ ನಳ್ಳಿ, ಬೇರೆ ಸಾಬೂನು. ಉಟ್ಟ ಬಟ್ಟೆ ಅಲ್ಲಿಯೇ ಕಳಚಿಟ್ಟು ಹೋಗಬೇಕು. ಒಂದು ದಿನ ಯಜಮಾನನ ಮೊಮ್ಮಗ ಅಂಗಳದಲ್ಲಿ ಎಡವಿ ಬಿದ್ದ. ಭೋಜ ಕೋಣೆಯಿಂದ ಓಡಿ ಬಂದು ಎತ್ತಿಕೊಂಡ. ಯಜಮಾನ "ಮಮ್ನೂ! ಮಮ್ನೂ!" ಎಂದು, ಕೂಡದು ಕೂಡದೆಂದು ಅರಬಿಯಲ್ಲಿ ಕಿರುಚಿ ಹುಡುಗನನ್ನು ಕಿತ್ತುಕೊಂಡು, ಮಗುವಿನ ಅಂಗಿಯನ್ನು ಅಲ್ಲಿಯೇ ಬಿಚ್ಚಿಸಿ, ಮೈ ತೊಳೆಸಿದ.

ಆ ದಿನ ಭೋಜ ಊಟ ಮಾಡಲಿಲ್ಲ.

"ಏಳು ಸಮುದ್ರದಾಚೆ ಬಂದ್ರೂ ನನ್ನ ಜಾತಿ ಇವನಿಗೆ ಯಾರು ಹೇಳಿದ್ದು ರತ್ನ?" ಎಂದ. ಎದ್ದು ಗೋಡೆಗೆ ಒರಗಿ, ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಧಣಿಯ ಅಂಗಳದಲ್ಲಿ ನನ್ನಪ್ಪ ಹೀಗೆ ನಿಲ್ತಿದ್ದ. ತಪ್ಪಿ ಕೂಡ ಎಂತದ್ದಕ್ಕೂ ಕೈ ತಾಗಬಾರ್ದಲ್ಲ, ಹಾಗೆ. ಕಾಫಿ ಹೊಯ್ದ ತೆಂಗಿನ ಗೆರಟೆಯನ್ನು ಧಣಿಯ ಹೆಂಡತಿ ಕೋಲಿನಲ್ಲಿ ದೂಡ್ತಿದ್ಲು." ತೊಟ್ಟಿಲಲ್ಲಿ ಮಲಗಿದ್ದ ಮಗಳನ್ನು ನೋಡಿದ. "ಮುಟ್ಟಬೇಡ ಅನ್ನುವ ಮಾತು ಈ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರ್ದು. ಈ ಮಗುವಿಗಂತೂ ಯಾವತ್ತೂ ಹೇಳಬಾರ್ದು."

ಮರುದಿನದಿಂದ ಅವನು ಬುತ್ತಿಯನ್ನು ಆ ಕೋಣೆಯಲ್ಲಿಯೇ, ಬಾಗಿಲು ಹಾಕಿಕೊಂಡು, ಕೈ ತೊಳೆಯದೆ ಉಂಡ. ಬೇರೆ ನಳ್ಳಿ ತಿರುಗಿಸಲಿಲ್ಲ. ತೊಟ್ಟ ಅಂಗಿಯಲ್ಲಿಯೇ ಮನೆಗೆ ಬಂದ. ಮಗಳು ದೊಡ್ಡವಳಾದಂತೆ ಬಾಗಿಲಿಗೆ ಓಡಿ ಬರುತ್ತಿದ್ದಳು. ಅವನು ಹಾಗೆಯೇ ಎತ್ತಿ ಎದೆಗೆ ಒತ್ತಿಕೊಳ್ಳುತ್ತಿದ್ದ. ಧಣಿಗೂ ಅರ್ಬಾಬನಿಗೂ ಅವನು ದಿನಾ ಕೊಡುತ್ತಿದ್ದ ಉತ್ತರ ಅದು.

*

"ಸಿಸ್ಟರ್, ಅರ್ಬಾಬ್ ಮುಟ್ಟಿದನಲ್ಲ." ರತ್ನಾವತಿ ಪಕ್ಕದಲ್ಲಿದ್ದ ಮರ್ಸಿಯ ತೋಳು ಹಿಡಿದಳು. ಭೋಜ ಕಣ್ಣು ಮುಚ್ಚಿದ ವಾರ್ಡಿನ ನರ್ಸ್ ಮರ್ಸಿ, ಉಡುಪಿ ಕಡೆಯವಳು. "ಮತ್ತೆ ನಳ್ಳಿ ಯಾಕೆ ಬೇರೆ? ಬಟ್ಟೆ ಯಾಕೆ ಅಲ್ಲೇ ಬಿಡ್ಲಿಕ್ಕೆ ಹೇಳಿದ್ದು?"

"ಎಂತ ನಳ್ಳಿ?"

ರತ್ನಾವತಿ ಹೇಳಿದಳು. ಹಿತ್ತಿಲ ಕೋಣೆ, ಸುಟ್ಟ ಕೇಪು, ಆ ಕಟ್ಟಳೆ, ಎಲ್ಲವನ್ನೂ.

"ದೇವರೇ! ಡ್ರೈವರ್ ಅಂತ ಮಾತ್ರ ಬರ್ದಿತ್ತು. ಎಂತ ಕೆಲಸ ಅಂತ ನಾವ್ಯಾರೂ ಕೇಳ್ಲಿಲ್ಲ." ಅವಳು ದನಿ ತಗ್ಗಿಸಿದಳು. "ಬೆಳಿಗ್ಗೆ ರಕ್ತದ ರಿಪೋರ್ಟು ಬಂತು. ಎಲ್ಲ ಮುಗಿದ ಮೇಲೆ ಹೇಳುವ ಅಂತ ಇದ್ದೆ. ಸೀಸ, ರತ್ನ. ಮೈಯೆಲ್ಲ ಸೀಸ. ಆ ಕೇಪಿನ ಮದ್ದಲ್ಲಿ ಇರ್ತದೆ ಅದು. ಸುಟ್ಟ ಮೇಲೆ ಧೂಳಾಗಿ ಕೂತ್ಕೊಳ್ತದೆ. ಹೊಟ್ಟೆ ನೋವು, ಕೈ ಸೋಲುವುದು, ಕಿಡ್ನಿ, ಕೊನೆಗೆ ಆ ಫಿಟ್ಸು, ಎಲ್ಲ ಅದರದ್ದೇ. ನಾವು ಗ್ಯಾಸ್ಟ್ರಿಕ್ಕಿನ ಮಾತ್ರೆ ಕೊಟ್ಟದ್ದು."

ಕಾಂತಪ್ಪನಿಗೆ ಅಷ್ಟೇ ಸಾಕಾಯಿತು. ಯಜಮಾನನ ಎದುರು ಹೋಗಿ ನಿಂತ. "ಆಪ್‌ಕೋ ಮಾಲೂಮ್ ಥಾ? ಗೊತ್ತಿತ್ತಾ ನಿನಗೆ?"

ಮುದುಕ ತಲೆಯೆತ್ತಿದ. "ಮೈ ಬೋಲಾ. ಖಾನಾ ಮಮ್ನೂ. ಹಾಥ್ ಧೋನಾ. ಕಪಡಾ ಇಧರ್ ಛೋಡನಾ. ವಲ್ಲಾ, ಕಿತನಾ ಬಾರ್ ಬೋಲಾ." ತಿನ್ನಬೇಡ, ಕೈ ತೊಳೆ, ಬಟ್ಟೆ ಇಲ್ಲೇ ಬಿಡು ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಆಣೆ ಹಾಕಿದ.

"ಕ್ಯೂಂ? ವೋ ಬೋಲಾ? ಯಾಕೆ ಅಂತ ಒಂದು ಸಲ ಹೇಳಿದ್ದೀಯಾ?"

ಮುದುಕ ತಲೆವಸ್ತ್ರ ಸರಿಮಾಡಿಕೊಂಡ. ನಿಧಾನವಾಗಿ, ಹರಕು ಹಿಂದಿಯಲ್ಲಿ ಹೇಳಿದ: ಸೀಸವಿಲ್ಲದ ಕೇಪಿನ ಬೇರೆ ಡಬ್ಬಿಯನ್ನೂ ತಾನು ತಂದಿದ್ದೆ. ಅದು ಒಳ್ಳೆಯದಲ್ಲ, ಹಳೆಯದೇ ಇರಲಿ ಎಂದು ಆರಿಸಿದವನು ಭೋಜನೇ.

"ಬೇಡ ಅನ್ಲಿಕ್ಕೆ ಖರ್ಚಿಲ್ಲ," ಎಂದ ಇದಿನಬ್ಬ, ಕನ್ನಡದಲ್ಲಿ, ಯಾರನ್ನೂ ನೋಡದೆ. "ಯಾಕೆ ಅಂತ ಹೇಳಿದ್ರೆ ಮಾಸ್ಕು ಕೊಡ್ಬೇಕು, ಗಾಳಿ ಹೊರಗೆ ಎಳೆಯುವ ಫ್ಯಾನು ಇಡ್ಬೇಕು. ಆಳು ಕೆಲಸ ಬಿಟ್ಟು ಹೋದ್ರೆ ಇನ್ನೊಬ್ಬನನ್ನು ಹುಡುಕ್ಬೇಕು. ಅದಕ್ಕೇ ಬೇಡ ಅಂದ್ರೆ ಬೇಡ, ಖಲಾಸ್."

ಮುಚ್ಚಳ ಬಿತ್ತು. ಸ್ಕ್ರೂಗಳು ಒಂದೊಂದಾಗಿ ಮರಕ್ಕೆ ಇಳಿದವು.

*

ಆ ಡಬ್ಬಿಯ ದಿನ ರತ್ನಾವತಿಗೆ ಚೆನ್ನಾಗಿ ನೆನಪಿತ್ತು. ಭೋಜ ಅಂದು ಕೋಳಿ ತಂದಿದ್ದ.

"ಅರ್ಬಾಬ್ ಹೊಸ ನಮೂನೆಯ ಕೇಪು ತಂದಿದ್ದ ಮಾರಾಯ್ತಿ. ಸ್ಪರ್ಧೆಯ ದಿನ ಎರಡು ತೋಟೆ ಟುಸ್! ಅವನಿಗೆ ಮರ್ಯಾದೆ ಹೋದ ಹಾಗಾಯ್ತು. ಮನೆಗೆ ಬಂದವ ಎರಡೂ ಡಬ್ಬಿ ನನ್ನ ಮುಂದೆ ಇಟ್ಟು, ಭೋಜ, ಯಾವುದು ಒಳ್ಳೇದು ಅಂತ ಕೇಳಿದ. ನನ್ನನ್ನು ಕೇಳಿದ, ರತ್ನ! ನಮ್ಮ ಕುಲದಲ್ಲಿ ಯಾರನ್ನಾದ್ರೂ ಯಾವ ಧಣಿಯಾದ್ರೂ ಕೇಳಿದ್ದು ಉಂಟಾ?"

"ನೀವೆಂತ ಹೇಳಿದ್ರಿ?"

"ಹಳೇ ಡಬ್ಬಿಯ ಮೇಲೆ ಬೆರಳಿಟ್ಟೆ." ಆ ಬೆರಳನ್ನು ಎತ್ತಿ ತೋರಿಸಿದ. ತುದಿ ಬೂದು ಬಣ್ಣಕ್ಕೆ ತಿರುಗಿತ್ತು. ಅದೇ ಬೆರಳಿನಿಂದ ಕೋಳಿಯ ತುಂಡು ಬಿಡಿಸಿ ಮಗಳ ಬಾಯಿಗಿಟ್ಟ.

*

ಶವಾಗಾರದ ಹೊರಗೆ, ವ್ಯಾನಿನ ಬಾಗಿಲು ಮುಚ್ಚಿದ ಮೇಲೆ, ಮರ್ಸಿ ಕೇಳಿದಳು: "ಅವರ ಬಟ್ಟೆ ಎಲ್ಲಿ ಒಗೀತಿದ್ದದು?"

"ಮನೇಲೇ."

"ಮಗುವಿನದ್ದೂ ಒಟ್ಟಿಗೆ?"

ರತ್ನಾವತಿ ಮಗಳ ಕಡೆ ತಿರುಗಿದಳು. ಹೊಟ್ಟೆ ನೋವೆಂದು ವಾರಕ್ಕೆರಡು ದಿನ ಶಾಲೆ ತಪ್ಪಿಸುವ ಮಗಳು. ಹೋದ ವರ್ಷ ಗಡಗಡ ಹೇಳುತ್ತಿದ್ದ ಮಗ್ಗಿ ಈ ವರ್ಷ ಅರ್ಧಕ್ಕೆ ನಿಂತುಬಿಡುತ್ತಿತ್ತು. ಸೋಮಾರಿ ಎಂದು ತಾನೇ ಎರಡೇಟು ಕೊಟ್ಟಿದ್ದಳು.

"ಊರಿಗೆ ಮುಟ್ಟಿದ ಕೂಡ್ಲೇ ಇವಳ ರಕ್ತ ತೋರಿಸು. ತಡ ಮಾಡ್ಬೇಡ."

"ಗುಣ ಆಗ್ತದಲ್ಲ ಸಿಸ್ಟರ್?"

ಮರ್ಸಿ ಕೊರಳ ಶಿಲುಬೆಯನ್ನು ಹಿಡಿದುಕೊಂಡಳು. "ಇನ್ನೂ ಒಳಗೆ ಹೋಗದ ಹಾಗೆ ನೋಡ್ಬಹುದು. ತಲೆಯಿಂದ ಹೋದದ್ದು ವಾಪಸ್ ಬರುವುದಿಲ್ಲ ರತ್ನ. ಅವರು ಉಟ್ಟದ್ದು, ಹೊದ್ದದ್ದು ಒಂದೂ ಮಗುವಿನ ಕೈಗೆ ಸಿಗಬಾರ್ದು."

ಫ್ಲ್ಯಾಟಿಗೆ ಬಂದರು. ಅದೇ ವಿಮಾನಕ್ಕೆ ಇವರ ಟಿಕೆಟ್ಟೂ ಇತ್ತು. ಕಾಂತಪ್ಪ ಕಟ್ಟಿಟ್ಟ ಸೂಟ್‌ಕೇಸುಗಳನ್ನು ಲಿಫ್ಟಿಗೆ ಸಾಗಿಸುತ್ತಿದ್ದ. ರತ್ನಾವತಿ ಒಳಕೋಣೆಗೆ ಹೋದಳು. ನವ್ಯಶ್ರೀ ಮಂಚದ ಮೇಲೆ ಕೂತಿದ್ದಳು. ಭೋಜ ಆಸ್ಪತ್ರೆ ಸೇರುವ ಹಿಂದಿನ ದಿನ ಕೆಲಸಕ್ಕೆ ತೊಟ್ಟು, ಬಾಗಿಲ ಹಿಂದಿನ ಮೊಳೆಗೆ ತೂಗಿಸಿದ್ದ ಖಾಕಿ ಅಂಗಿ ಈಗ ಅವಳ ಮಡಿಲಲ್ಲಿತ್ತು. ಅದರಲ್ಲಿ ಮುಖ ಹುದುಗಿಸಿ ಉಸಿರು ಎಳೆಯುತ್ತಿದ್ದಳು.

"ಅದನ್ನು ಬಿಡು ಮಗಾ."

"ಸ್ಮೆಲ್ಸ್ ಲೈಕ್ ಪಪ್ಪ," ಎಂದಳು ಹುಡುಗಿ. ಮುಖ ಎತ್ತಲಿಲ್ಲ.

"ಬಿಡು ಅಂದೆ!"

"ನೋ! ಐ ವಾಂಟ್ ಇಟ್, ಅಮ್ಮ. ಐ ವಾಂಟ್ ಇಟ್."

ರತ್ನಾವತಿ ಸುತ್ತ ನೋಡಿದಳು. ಬಾಗಿಲ ಮೂಲೆಯಲ್ಲಿ ನೆಲ ಒರೆಸುವ ಕೋಲಿತ್ತು. ಅದನ್ನು ತೆಗೆದು, ತುದಿಯನ್ನು ಅಂಗಿಯ ತೋಳಿಗೆ ಸಿಕ್ಕಿಸಿ ಎಳೆದಳು. ಅಂಗಿ ಮಗುವಿನ ಕೈ ತಪ್ಪಿ ಗಾಳಿಯಲ್ಲಿ ತೂಗಿತು. ಜೇಬಿನಿಂದ ಸುಟ್ಟ ಕೇಪೊಂದು ಟಣ್ಣೆಂದು ನೆಲಕ್ಕೆ ಬಿದ್ದು, ಉರುಳಿ, ಮಂಚದಿಂದ ಇಳಿದ ನವ್ಯಶ್ರೀಯ ಕಾಲ ಬಳಿ ನಿಂತಿತು. ಹುಡುಗಿ ಬಾಗಿ ಕೈ ಚಾಚಿದಳು.

"ಮುಟ್ಟಬೇಡ!"

ಹೊರಗೆ ಕಾಂತಪ್ಪನ ಕೈಯಿಂದ ಸೂಟ್‌ಕೇಸು ಜಾರಿದ ಸದ್ದಾಯಿತು.

ನವ್ಯಶ್ರೀ ತಾಯಿಯನ್ನೂ ಕೋಲನ್ನೂ ನೋಡಿದಳು. ಹಿಂದೆ ಸರಿದಳು, ಬೆನ್ನಿಗೆ ಗೋಡೆ ಸಿಗುವ ತನಕ ಸರಿದಳು. ಅಲ್ಲಿ, ಯಾರೂ ಹೇಳಿಕೊಡದೆ, ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಳು.