ದೀಪದ ಹುಳ

ಸೋದರತ್ತೆ ಬಸಲಿಂಗಮ್ಮನ ಟ್ರಂಕಿನ ಮುಚ್ಚಳ ಎತ್ತಿದಾಗ ಒಣ ಬೇವಿನೆಲೆಯ ವಾಸನೆ ಹೂವಮ್ಮನ ಮೂಗಿಗೆ ಹೊಡೆಯಿತು. ಅವಳ ಹೆಣಕ್ಕೆ ಉಡಿಸಲು ಬಿಳಿ ಸೀರೆ ಬೇಕಿತ್ತು. ಅದು ತಳದಲ್ಲಿತ್ತು. ಅದರ ಮಡಿಕೆಯೊಳಗೆ ಒಂದು ಕಂದು ಲಕೋಟೆ. ಒಂದು ಮೂಲೆ ಸುಟ್ಟಿತ್ತು. ಮೇಲಿದ್ದ ಹೆಸರು ಹೂವಮ್ಮನದೇ.

ಒಳಗಿನ ಕಾಗದ ಬಿಚ್ಚಿ ಓದಿದಳು. ಬಳ್ಳಾರಿಯ ಉಪಾಧ್ಯಾಯಿನಿಯರ ತರಬೇತಿ ಶಾಲೆಯಲ್ಲಿ ಅವಳಿಗೆ ಸ್ಥಳ ಸಿಕ್ಕಿದೆ. ನವೆಂಬರ್ ಎರಡು, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಜರಾಗದಿದ್ದರೆ ಅದು ಇನ್ನೊಬ್ಬರಿಗೆ ಹೋಗುತ್ತದೆ. ಅಂದು ಭಾನುವಾರ, 1953ರ ನವೆಂಬರ್ ಒಂದು. ಅಂಥ ಕಾಗದ ಬಂದೇ ಇಲ್ಲವೆಂದು ಅಪ್ಪ ಹೇಳಿದ್ದ.

“ಹೂವೀ, ಸೀರಿ ನೇಯಾಕ ಕುಂತಿಯೇನ?” ಪಡಸಾಲೆಯಿಂದ ಊರಮ್ಮ ಕೂಗಿದಳು. ಅಪ್ಪನ ಸೋದರತ್ತೆ, ಎಪ್ಪತ್ತೆಂಟು ವರ್ಷ, ಕಣ್ಣು ಮಂಜು.

ಹೂವಮ್ಮ ಲಕೋಟೆಯನ್ನು ಕುಪ್ಪಸದೊಳಗೆ ತುರುಕಿ ಸೀರೆ ಒಯ್ದಳು.

ಬಸಲಿಂಗಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಹದಿಮೂರಕ್ಕೆ ಹಾಲಹರವಿಯಲ್ಲಿ ಗಂಡನನ್ನು ಕಳೆದುಕೊಂಡು ಆದೋನಿಗೆ ಮರಳಿದವಳು, ಐವತ್ತನಾಲ್ಕಕ್ಕೆ ಈ ಬೆಳಿಗ್ಗೆ ಜ್ವರದಲ್ಲಿ ತೀರಿಕೊಂಡಿದ್ದಳು.

“ನಲವತ್ತೊಂದು ವರ್ಷ ನಮ್ಮಕ್ಕ ಈ ಹೊಸ್ತಿಲ ದಾಟಲಿಲ್ಲರಿ,” ಎಂದ ಅವಳ ತಮ್ಮ, ಹೂವಮ್ಮನ ಅಪ್ಪ ಕೊಟ್ರಬಸಪ್ಪ. ಹತ್ತಿ ವ್ಯಾಪಾರಿ, ಅವನ ದನಿಯಲ್ಲಿ ಅಳುವಿಗಿಂತ ಹೆಮ್ಮೆ ಹೆಚ್ಚಿತ್ತು.

“ದಾಟಾಕ ಯಾರು ಬಿಟ್ರಣ್ಣಾ? ನಿಜಂಗಾ ಚೆಪ್ಪು, ಖರೇ ಹೇಳು,” ಎಂದಳು ಪಕ್ಕದ ಮನೆಯ ಕೊಂಡಮ್ಮ, ಮೂಗು ಒರೆಸಿಕೊಳ್ಳುತ್ತ.

ಕೊಟ್ರಬಸಪ್ಪ ಕೇಳಿಸದವನಂತೆ ಬಗ್ಗಿದ. ಅಕ್ಕನ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಮಗಳ ಕೈಗಿಟ್ಟ.

“ಇನ್ನ ಮ್ಯಾಲೆ ನೀನ ನೋಡ್ಕೋಬೇಕವ್ವ. ಅತ್ತಿ ಖೋಲ್ಯಾಗ ನಿನ್ನ ಹಾಸಿಗಿ ಹಾಕಸ್ತೀನಿ.”

ಹೂವಮ್ಮನಿಗೆ ಇಪ್ಪತ್ತು. ಮದ್ದಿಕೇರದಲ್ಲಿ ಗಂಡ ಸತ್ತು ಎರಡು ವರ್ಷವಾಗಿತ್ತು.

“ಅಪ್ಪಾ, ಬಳ್ಳಾರಿ...”

“ಬಳ್ಳಾರಿ ಮೈಸೂರ ರಾಜ್ಯಕ್ಕ ಹೋಗಿ ತಿಂಗಳಾತು. ನಾವು ಆಂಧ್ರದಾಗ ಅದೀವಿ. ಬ್ಯಾರೆ ರಾಜ್ಯಕ್ಕ ಒಂಟಿ ಹೆಣ್ಣಮಗಳನ್ನ ಕಳಸ್ಲೇನ? ಹೆಣ ಮುಂದಿಟ್ಕೊಂಡು ಇದೇನ ಮಾತು!”

ಕೀಲಿಗಳು ಇನ್ನೂ ಬೆಚ್ಚಗಿದ್ದವು.

*

ಎರಡು ತಿಂಗಳ ಹಿಂದಿನ ಒಂದು ಮುಸ್ಸಂಜೆ. ಲಾಟೀನಿನ ಬಳಿ ಹೂವಮ್ಮ ಪರೀಕ್ಷೆಗೆ ಓದುತ್ತಿದ್ದಳು. ಅತ್ತೆ ಹತ್ತಿ ಹಿಂಜಿ ಬತ್ತಿ ಹೊಸೆಯುತ್ತಿದ್ದಳು. ಕಂದು ರೆಕ್ಕೆಯ ಹುಳವೊಂದು ಗಾಜಿಗೆ ಬಡಿದು ಬಡಿದು ಬೀಳುತ್ತಿತ್ತು.

“ಈ ದೀಪದ ಹುಳಕ್ಕ ಪುಸ್ತಕದಾಗ ಏನಂತಾರವ್ವ?”

“ಪತಂಗ ಅಂತಾರ ಅತ್ತಿ. ಹಾರ್ಕೋತ ಹೋಗೂದು ಅಂತ ಅರ್ಥ.”

ಬತ್ತಿ ಹೊಸೆಯುವ ಕೈ ನಿಂತಿತು. “ಹೋಗೂದು? ಇದೆಲ್ಲಿ ಹೋಗೇತಿ? ಆಗಲಿಂದ ಇಲ್ಲೇ ಸುತ್ತಾಕ ಹತ್ತೇತಿ.”

ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎರಡೂ ಅಂಗೈಗಳಲ್ಲಿ ಮುಚ್ಚಿ ಹಿಡಿದು ಬೀದಿಬಾಗಿಲಿಗೆ ನಡೆದಳು. ಹೊಸ್ತಿಲ ಒಳಗೇ ನಿಂತು, ಕೈಯಷ್ಟೇ ಆಚೆ ಚಾಚಿ, ಬೆರಳು ಬಿಡಿಸಿದಳು.

“ಅದರ ಹೆಸರಿಗಿ ತಕ್ಕಂಗರೆ ಇರ್ಲಿ,” ಎಂದಳು. ಅವಳಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಮುಂದೊಂದು ದಿನ ಕೊಟ್ರಬಸಪ್ಪ ಒಲೆಗೆ ಎಸೆದಾಗ ಅವಳು ಹಿರಿದುಕೊಂಡ ಕಾಗದ ಯಾರದೆಂದು ತಿಳಿಯಲು ಓದು ಬೇಕಿರಲಿಲ್ಲ.

*

ಮಧ್ಯಾಹ್ನ ಮೂರಕ್ಕೆ ಹೆಣ ಎತ್ತಿದರು. ಬಸಲಿಂಗಮ್ಮ ಕುಳಿತೇ ಹೊಸ್ತಿಲು ದಾಟಿದಳು.

ಅವಳು ಕೂತಿದ್ದ ಜಾಗ ಸಾರಿಸಿ, ಊರಮ್ಮ ದೀಪ ಹಚ್ಚಿಸಿದಳು. ಸುತ್ತ ಜೋಳದ ಹಿಟ್ಟು ತೆಳ್ಳಗೆ ಜರಡಿ ಹಿಡಿಸಿ, ಮೇಲೆ ಅಗಲವಾದ ಬುಟ್ಟಿ ಬೋರಲು ಹಾಕಿಸಿದಳು. ಮಣ್ಣು ಮಾಡಿ ಬಂದವರು ಹಿಟ್ಟಿನಲ್ಲಿ ಯಾವ ಗುರುತು ಮೂಡಿದೆ ಎಂದು ನೋಡುವುದು ಆ ಮನೆಯ ಪದ್ಧತಿ.

ವಿಧಿ ನಡೆಸಲು ಬಂದಿದ್ದ ಅಯ್ಯನವರಿಗೆ ಸಿಟ್ಟು ಬಂತು. “ಲಿಂಗದಾಗ ಬೆರೆತಾಕಿಗೆ ಮತ್ತ ಹುಟ್ಟು ಎಲ್ಲೈತಿ, ಊರಮ್ಮ? ಇದು ನಮ್ಮ ಧರ್ಮದಾಗಿಲ್ಲ.”

“ಬೆರೆತಾಳೋ ಇಲ್ಲೋ ಹಿಟ್ಟು ಹೇಳ್ತೈತಿ. ನೀವು ಹೂಳೂ ಕುಣಿ ನೋಡ್ಕೋರಿ, ಅಯ್ಯನೋರ. ಹುಳದ ಗುರುತು ಬಿದ್ರ ಆಕಿ ಮನಿಯಾಗ ಅದಾಳ ಅಂತ. ಹೊರಮುಖ ಹೆಜ್ಜಿ ಬಿದ್ರ ಹೋದ್ಲು ಅಂತ.” ಮುದುಕಿ ಕೋಲು ಹಿಡಿದು ಎದ್ದಳು. “ಹೂವಿ ದೀಪ ಕಾಯ್ಲಿ.”

“ಒಳಗಿಂದ ಕೀಲಿ ಹಾಕ್ಕೊ,” ಎಂದ ಕೊಟ್ರಬಸಪ್ಪ.

ಹೂವಮ್ಮ ಕೀಲಿ ಹಾಕಿಕೊಂಡಳು. ಭಜನೆಯ ತಾಳ ತಿರುವಿನಲ್ಲಿ ಅಡಗಿತು. ಬುಟ್ಟಿಯೊಳಗೆ ಏನೋ ಪಟಪಟ ಬಡಿಯುತ್ತಿತ್ತು. ಹೆಣೆದ ಬಿದಿರಿಗೆ ಕಣ್ಣಿಟ್ಟು ನೋಡಿದಳು. ಕಂದು ರೆಕ್ಕೆ. ಯಾವಾಗ ಸೇರಿತ್ತೋ, ದೀಪವನ್ನು ಸುತ್ತಿ ಹಿಟ್ಟಿಗೆ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಸುತ್ತುತ್ತಿತ್ತು.

ಅವಳು ಬಹಳ ಹೊತ್ತು ಅಲ್ಲೇ ಕೂತಿದ್ದಳು. ದೂರದಲ್ಲಿ, ಬಳ್ಳಾರಿ ಗಾಡಿ ಸಿಗುವ ಗುಂತಕಲ್ಲಿನ ಕಡೆ ಹೋಗುವ ಗೂಡ್ಸ್ ಗಾಡಿ ಕೂಗಿತು. ಹೂವಮ್ಮ ಬುಟ್ಟಿಗೆ ಕೈ ಹಾಕಿದಳು.

*

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮರಳಿ ಕಾಲು ತೊಳೆದರು. ಬಾಗಿಲು ಕೀಲಿಯಿಲ್ಲದೆ ಸುಮ್ಮನೆ ಮುಚ್ಚಿತ್ತು.

“ಹೂವೀ, ಬುಟ್ಟಿ ಎತ್ತವ್ವ,” ಎಂದಳು ಊರಮ್ಮ.

ಹೂವಮ್ಮ ಎಲ್ಲೂ ಕಾಣಲಿಲ್ಲ. ಕೊಂಡಮ್ಮ ಎತ್ತಿದಳು. ದೀಪ ಉರಿಯುತ್ತಿತ್ತು. ಹಿಟ್ಟಿನ ತುಂಬ ಸಣ್ಣ ಗೀರುಗಳು, ಸುತ್ತಿ ಸುತ್ತಿ ಎಳೆದಂತೆ. ಹುಳ ಇರಲಿಲ್ಲ. ನಟ್ಟನಡುವೆ ಕೀಲಿಗೊಂಚಲು ಇತ್ತು.

“ನನಗ ಕಾಣಂಗಿಲ್ಲ. ಹೆಜ್ಜಿ ಬಿದ್ದಾವೇನೋ, ಕೊಟ್ರಾ?” ಊರಮ್ಮ ಬಗ್ಗಿ ಕೇಳಿದಳು. “ಯಾವ ಕಡೀಗದಾವ?”

ಕೊಟ್ರಬಸಪ್ಪ ಲಾಟೀನು ತಗ್ಗಿಸಿದ. ಸಾರಿಸಿದ ನೆಲದ ಮೇಲೆ ಹಿಟ್ಟಿನಂಚು ತುಳಿದ ಬರಿಗಾಲಿನ ಬಿಳಿ ಹೆಜ್ಜೆಗಳು ಬುಟ್ಟಿಯ ಬಳಿಯಿಂದ ಬಾಗಿಲಿಗೆ ಹೋಗಿದ್ದವು. ಹೊಸ್ತಿಲಲ್ಲಿ ಎರಡೂ ಪಾದ ಜೋಡಿಯಾಗಿ ನಿಂತ ಗುರುತು. ಅದರಾಚೆ, ಬೀದಿಯ ಧೂಳಿನಲ್ಲಿ, ಇನ್ನೊಂದು.