ಸುರೇಶಕುಮಾರನ ಹೆಸರಿನ ಲೇಖನ

ಸಿರಾಜುದ್ದೀನ ಮಾಸ್ತರರು ಲ್ಯಾಮಿನೇಷನ್ ಮಾಡಿಸಿದ್ದ ಪತ್ರಿಕೆಯ ತುಣುಕನ್ನು ಸುರೇಶಕುಮಾರನ ಹೆಣದ ಎದೆಯ ಮೇಲಿಟ್ಟರು. ಭೀಮಬಾಯಿ ಅದನ್ನು ಎತ್ತಿ ಅವರ ಕೈಗೇ ವಾಪಸು ಕೊಟ್ಟಳು.

"ಇದೊಂದು ಬ್ಯಾಡ್ರಿ ಮಾಸ್ತರ್ರ."

"ಇದಕ್ಕಿಂತ ಚೊಲೋದು ನಿನ್ನ ತಮ್ಮ ಬರೆದೇ ಇಲ್ಲವ್ವ. ಇಡೀ ಶಹಾಬಾದಕ್ಕ ತೋರ್ಸೀನಿ ನಾನು."

"ಗೊತ್ತದರಿ. ಅದಕ್ಕೇ ಬ್ಯಾಡ ಅಂದೆ."

ಸುರೇಶಕುಮಾರನಿಗೆ ಇಂಗ್ಲಿಷ್ ಕಲಿಸಿದವರೇ ಈ ಮಾಸ್ತರರು. ಅವನು ದಿಲ್ಲಿಯ ಪತ್ರಿಕೆಯೊಂದಕ್ಕೆ ವಿಯೆನ್ನಾದಿಂದ ಇಪ್ಪತ್ತಾರು ವರ್ಷ ವರದಿ ಕಳಿಸಿದ. ಯುದ್ಧ, ಚುನಾವಣೆ ಅವನ ಪಾಲಿಗೆ ಬರಲಿಲ್ಲ. ಚಿತ್ರಪ್ರದರ್ಶನ, ನಾಟಕ, ಸಂಗೀತ ಅಷ್ಟೇ. ಅಂಗಳದಲ್ಲಿ ಕುಳಿತವರು ಅವನನ್ನು ಫಾರಿನ್ ಪೇಪರಿನವನೆಂದು ಹೇಳಿ ಸುಮ್ಮನಾಗುತ್ತಿದ್ದರು. ಹೋದ ವರ್ಷ ಕಿಡ್ನಿ ಕೆಟ್ಟು, ಒಂಟಿಯಾಗಿ ಅಕ್ಕನ ಮನೆಗೆ ಬಂದಿದ್ದ.

*

ಅಪ್ಪ ಸತ್ತಾಗ ಸುರೇಶನಿಗೆ ಒಂಬತ್ತು ವರ್ಷ. ಅವನ ಓದು ನಿಲ್ಲಬಾರದೆಂದು ಭೀಮಬಾಯಿ ಅವ್ವನ ಜೊತೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ ಕೂಲಿಗೆ ಇಳಿದಳು. ಮದುವೆಯಾದ ಮೇಲೂ ಇಳಿದಳು, ಗಂಡ ಹೋದ ಮೇಲೂ ಇಳಿದಳು.

ಎರಡು ಸಾವಿರದ ಒಂಬತ್ತರಲ್ಲಿ ಅವ್ವ ತೀರಿಕೊಂಡಳು. ನೀನು ಬರುವತನಕ ಮಣ್ಣು ಮಾಡುವುದಿಲ್ಲ ಎಂದು ಭೀಮಬಾಯಿ ಫೋನಿನಲ್ಲಿ ಹೇಳಿದಳು.

"ಅಕ್ಕಾ, ನಾಳೆ ಒಬ್ಬ ದೊಡ್ಡ ಚಿತ್ರಕಾರನ ಭೇಟಿ ಅದ. ಎರಡು ವರ್ಷದಿಂದ ಕಾದೀನಿ."

ಅವಳು ಅಲ್ಲಿಗೇ ಫೋನ್ ಇಟ್ಟುಬಿಟ್ಟಳು. ಹತ್ತು ದಿನದ ಮೇಲೆ ಮಾಸ್ತರರು ಆ ಚಿತ್ರಕಾರನ ಮೇಲಿನ ಲೇಖನ ಬಂದ ಪತ್ರಿಕೆಯನ್ನು ಹಿಗ್ಗಿನಿಂದ ಹಿಡಿದು ಬಂದರು. ಅವಳಿಗೆ ಓದು ಬಾರದು. ಆದರೆ ಮಾಸ್ತರರ ಬೆರಳು ತಮ್ಮನ ಹೆಸರಿನ ಮೇಲಿತ್ತು. ಅವ್ವನ ಬಾಯಿಗೆ ನೀರು ಬಿಡಲು ಬಾರದವನು ಇದನ್ನು ಬರೆಯುತ್ತಿದ್ದ ಎಂದುಕೊಂಡಳು. ಎಂಟು ವರ್ಷ ಅವನ ಫೋನ್ ಎತ್ತಲಿಲ್ಲ.

ಕಾಯಿಲೆಯಾಗಿ ಬಂದವನಿಗೆ ಉಣಿಸಿದಳು, ಮೈ ತೊಳೆದಳು. ಒಂದು ಮಧ್ಯಾಹ್ನ ಅವನೇ ಬಾಯಿ ತೆರೆದ. "ಅಕ್ಕಾ, ಅವ್ವ ಹೋದ ದಿನ..."

"ಉಣ್ಣು, ಆರ್ತದ," ಎಂದು ಅವಳು ತಾಟು ಮುಂದೆ ಸರಿಸಿದಳು. ಅವನು ಉಂಡ. ಮತ್ತೆ ಆ ಮಾತು ತೆಗೆಯಲಿಲ್ಲ.

*

ಬುದ್ಧವಂದನೆ ಮುಗಿದು, ನಾಲ್ವರು ಹೆಗಲು ಕೊಡಲು ಬಗ್ಗಿದ್ದರು. ಚಿತ್ತಾಪುರದಲ್ಲಿ ಟೀಚರಾಗಿರುವ ಭೀಮಬಾಯಿಯ ಮಗಳು ಪೂನಮ್ ಮೊಬೈಲ್ ಹಿಡಿದು ಬಂದು ಅವರನ್ನು ತಡೆದಳು. ಪರದೆಯಲ್ಲಿ ಬಿಳಿಗೂದಲ ಮುದುಕಿಯೊಬ್ಬಳಿದ್ದಳು. ವಿಯೆನ್ನಾದಲ್ಲಿ ಮಾಮನ ಲೇಖನಗಳಿಗೆ ಫೋಟೊ ತೆಗೆಯುತ್ತಿದ್ದವಳು, ಕಡೆಯದಾಗಿ ಮುಖ ನೋಡಬೇಕಂತೆ ಎಂದಳು ಪೂನಮ್.

ಮುದುಕಿ ನೋಡಿದಳು, ಅತ್ತಳು. ಆಮೇಲೆ ಮಾಸ್ತರರ ಕೈಯಲ್ಲಿದ್ದ ತುಣುಕನ್ನು ಕಂಡು ಇಂಗ್ಲಿಷಿನಲ್ಲಿ ಏನೋ ಕೇಳಿದಳು, ಬಹಳ ಹೊತ್ತು ಏನೋ ಹೇಳಿದಳು. ಪೂನಮ್ ತಡೆತಡೆದು ಕನ್ನಡಕ್ಕೆ ತಂದಳು.

"ಅವ್ವ, ಇದನ್ನ ಮಾಮಾ ಬರೆದಿದ್ದೇ ಅಲ್ಲಂತ. ಅಕಿನೇ ಚಿತ್ರಕಾರನ್ನ ಭೇಟಿಯಾಗಿ ಬರೆದು ಮಾಮಾನ ಹೆಸರು ಹಾಕ್ಯಾಳ, ಇಲ್ಲಾಂದ್ರ ಮಾಮಾನ ನೌಕರಿ ಹೋಗ್ತದಂತ. ಭೇಟಿ ದಿನ ಮಾಮಾ ಮ್ಯಾಲ ಚಿತ್ರಕಾರನ ಮನಿಗೆ ಹೋಗೇ ಇಲ್ಲ. ಬಾಗಲಾ ಹಾಕೂತನಕ ಕೆಳಗ ಮೆಟ್ಟಲ ಮ್ಯಾಲ ಕುಂತಿದ್ದನಂತ."

ಮಾಸ್ತರರು ತುಣುಕನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ಮತ್ತ ಊರಿಗ್ಯಾಕ ಬರ್ಲಿಲ್ಲಂತ ಕೇಳು," ಎಂದಳು ಭೀಮಬಾಯಿ.

ಪೂನಮ್ ಕೇಳಿದಳು. ಉತ್ತರ ಬಂದ ಮೇಲೆ ಅವ್ವನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು.

"ಅಕ್ಕ ಫೋನ್ ಇಟ್ಟುಬಿಟ್ಲು, ಇನ್ನ ಯಾವ ಮಾರಿ ತೋರ್ಸಲಿ ಅಂದಿದ್ದನಂತ."

ಭೀಮಬಾಯಿ ತಮ್ಮನ ತಲೆಯ ಹತ್ತಿರ ಕುಳಿತಳು.

"ಹೇಳ್ಲಿಕ್ಕ ಬಂದಿದ್ದ," ಎಂದಳು, ಯಾರಿಗೆಂದಿಲ್ಲದೆ. "ನಾನೇ ಉಣ್ಣು ಅಂದೆ."

ಹೆಗಲು ಕೊಡುವವರು ಮತ್ತೆ ಬಗ್ಗಿದರು. ಆಗ ಮುದುಕಿ ಇನ್ನೊಂದು ಮಾತು ಕೇಳಿದಳು. ಹೇಳಲೋ ಬೇಡವೋ ಎಂಬಂತೆ ಪೂನಮ್ ಅವ್ವನನ್ನು ನೋಡಿದಳು.

"ನಿನ್ನ ಕೈ ನೋಡ್ತೀನಿ ಅನ್ಲತ್ತಾಳ. ಮಾಮಾ ಭಾಳ ಹೇಳ್ತಿದ್ದನಂತ."

ಭೀಮಬಾಯಿ ಎರಡೂ ಕೈಗಳನ್ನು ಸೆರಗಿಗೆ ಒರೆಸಿ ಫೋನಿನ ಮುಂದೆ ಬಿಚ್ಚಿ ಹಿಡಿದಳು. ಕಲ್ಲಪುಡಿ ಸೇರಿ ಕಪ್ಪಾದ ಬಿರುಕುಗಳು, ಸೊಟ್ಟಗೆ ಕೂಡಿಕೊಂಡ ಹೆಬ್ಬೆರಳು, ಉಗುರಿಲ್ಲದ ಎರಡು ತುದಿಗಳು. ಸ್ವಲ್ಪ ಬೆಳಕಿನ ಕಡೆ ತಿರುಗಿಸಲು ಮುದುಕಿ ಹೇಳಿದಳು. ಭೀಮಬಾಯಿ ತಿರುಗಿಸಿದಳು. ಮುದುಕಿ ಕನ್ನಡಕ ಏರಿಸಿಕೊಂಡು, ಪರದೆಯ ಹತ್ತಿರ ಬಂದು, ಎಡಗೈಯಿಂದ ಬಲಗೈಗೆ ಮೆಲ್ಲಗೆ ನೋಡುತ್ತ ಹೋದಳು.