ಕಂಪ್ಯೂಟರಿಗೆ ಭಾನುವಾರದ ಸ್ನಾನ

ಆ ಮನೆಯ ಗೋಡೆಗಳಿಗೆ ಕಿವಿ ಇತ್ತೋ ಇಲ್ಲವೋ, ಬಾಯಂತೂ ಇತ್ತು. ಮೆಟ್ಟಿಲ ಪಕ್ಕ ‘ಕಂಬಿ ಹಿಡಿದು ಇಳಿಯಿರಿ’, ಒಲೆಯ ಮೇಲೆ ‘ಗ್ಯಾಸ್ ಆರಿಸಿದಿರಾ?’, ಬಚ್ಚಲ ಬಾಗಿಲಿಗೆ ‘ನೆಲ ಜಾರುತ್ತದೆ’, ಮೆಟ್ಟಿಲ ಕೆಳಗಿನ ಗೂಡಿಗೆ ‘ತಲೆ ಜೋಪಾನ’. ಎಲ್ಲವೂ ಹಳದಿ ಚೀಟಿ, ಕಪ್ಪು ಅಕ್ಷರ. ಮನೆಯ ಯಜಮಾನ ಬಣ್ಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಅಲ್ಲಿ ಅಂಟಿಸಿ ಮಿಕ್ಕ ಚೀಟಿಗಳೆಲ್ಲ ಮನೆಗೆ ಬರುತ್ತಿದ್ದವು. ಬೀದಿಯವರು ಅವನಿಗೆ ‘ಎಚ್ಚರಿಕೆ’ ಎಂದೇ ಹೆಸರಿಟ್ಟಿದ್ದರು. ಅವನ ಕಿವಿಗೂ ಅದು ಬಿದ್ದಿತ್ತು, ಪುಣ್ಯಾತ್ಮ ಅದನ್ನು ಬಿರುದು ಎಂದುಕೊಂಡಿದ್ದ.

ಅವನ ಹೆಂಡತಿಗೂ ಒಂದು ಅಡ್ಡಹೆಸರಿತ್ತು, ಟಕಟಕಿ. ಚಿಕ್ಕವರಿದ್ದಾಗ ತಂಗಿ ಇಟ್ಟದ್ದು. ಮಾತೂ ಟಕಟಕ, ಬೆರಳೂ ಟಕಟಕ. ಆ ಬೆರಳಿಗೆ ತಕ್ಕ ಕೆಲಸವೇ ಸಿಕ್ಕಿತ್ತು. ಆಸ್ಪತ್ರೆಯ ವೈದ್ಯರು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಿಸಿ ಕಳಿಸುತ್ತಿದ್ದರು, ಇವಳು ಮನೆಯಲ್ಲೇ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಟೈಪು ಮಾಡುತ್ತಿದ್ದಳು. ಮೂಗಿನಲ್ಲೇ ಮಾತಾಡುವ ಮೂಳೆ ಡಾಕ್ಟರ ಮಾತು ಇವಳೊಬ್ಬಳಿಗಲ್ಲದೆ ಇನ್ನಾರಿಗೂ ಅರ್ಥವಾಗುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಬೆರಳಿಗೆ ಹೋಗಬೇಕೇ ಹೊರತು ಬಾಯಿಗೆ ಬರಬಾರದು, ಇದು ಆ ಕೆಲಸದ ಕಟ್ಟಳೆ. ಎದುರು ಮನೆಯವರ ಹೊಟ್ಟೆಯಲ್ಲಿ ಕಲ್ಲಿದೆ ಎಂದು ಅವರ ಹೆಂಡತಿಗಿಂತ ಮೊದಲೇ ಅವಳಿಗೆ ಗೊತ್ತಾಗಿತ್ತು. ಗಂಡನ ಹತ್ತಿರವೂ ತುಟಿ ಬಿಚ್ಚಿದವಳಲ್ಲ.

ಕಂಪ್ಯೂಟರು ಮುಂದಿನ ಕೋಣೆಯ ಮೂಲೆಯಲ್ಲಿತ್ತು. ಅದರ ನೆತ್ತಿಗೂ ಒಂದು ಚೀಟಿ, ‘ಗೊತ್ತಿಲ್ಲದ್ದನ್ನು ಒತ್ತಬೇಡಿ’. ಭಾನುವಾರ ತಿಂಡಿ ಮುಗಿಯುತ್ತಲೂ ಎಚ್ಚರಿಕೆ ಅಂಗಿಯ ತೋಳು ಮಡಚಿಕೊಂಡು ಅದರ ಮುಂದೆ ಕೂರುತ್ತಿದ್ದ. ವೈರಸ್ ಹಿಡಿಯುವುದು, ಹಳತನ್ನು ಹೊಸದು ಮಾಡುವುದು, ಕಸ ಅಳಿಸುವುದು, ಇದಕ್ಕೆಲ್ಲ ಸೇರಿಸಿ ಅವನು ಇಟ್ಟ ಹೆಸರು ಸ್ನಾನ. ಅಷ್ಟು ಹೊತ್ತು ಯಾರೂ ಹತ್ತಿರ ಸುಳಿಯುವಂತಿಲ್ಲ. ಅವನ ತಾಯಿ ಮಾತ್ರ ಟೀ ತಂದಿಟ್ಟು, “ಇವತ್ತೆಷ್ಟು ಹುಳ ಸಿಕ್ತಪ್ಪಾ?” ಎಂದು ಕೇಳುತ್ತಿದ್ದರು, ಮಗ ಯಾರದೋ ತಲೆಯ ಹೇನು ಹೆಕ್ಕುತ್ತಿದ್ದಾನೆ ಎನ್ನುವ ಹಾಗೆ. ಸ್ನಾನ ಮುಗಿಸಿ ಅವನು ಜಗಲಿಗೆ ಹೋಗಿ ನಾದಿನಿಗೆ ಫೋನ್ ಮಾಡುತ್ತಿದ್ದ. ಬೇರೆ ಊರಿನಲ್ಲಿದ್ದ ಆ ನಾದಿನಿ, ಎಂದರೆ ಟಕಟಕಿಯ ತಂಗಿ, ಬಸುರಿ. ಬಸುರಿಯರು ಹೇಗೆ ಮೆಟ್ಟಿಲಿಳಿಯಬೇಕು, ಹೇಗೆ ಮಲಗಬೇಕು ಎಂದು ಅವಳಿಗೆ ಭಾವನಿಂದ ವಾರಕ್ಕೊಂದು ಪಾಠ.

ಅಕ್ಕತಂಗಿಯರಿಗೆ ತಂದೆತಾಯಿ ಇರಲಿಲ್ಲ. ಒಬ್ಬಳಿಗೆ ಇನ್ನೊಬ್ಬಳೇ ತವರು. ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಅತ್ತೆಯ ಕಿವಿ ಗೋಡೆ ತೂರಿ ಬರುತ್ತಿದ್ದುದರಿಂದ ಟಕಟಕಿ ಕೆಲಸದ ನಡುವೆ ತಂಗಿಗೆ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದಳು. ಒಮ್ಮೆ ಹೀಗೆ ಬರೆದಳು: ‘ಆಸ್ಪತ್ರೆಯವರು ಟೈಪು ವಿಭಾಗ ನೋಡಿಕೊಳ್ಳೋಕೆ ಕರೀತಿದ್ದಾರೆ. ದಿನಾ ಹೋಗಬೇಕು. ಮನೇಲಿ ಇನ್ನೂ ಹೇಳಿಲ್ಲ, ನೀನೇ ಮೊದಲು.’ ಆ ಭಾನುವಾರ ಊಟಕ್ಕೆ ಕೂತಾಗ ಎಚ್ಚರಿಕೆ ತಟ್ಟೆಯ ಮೇಲಿಂದ ಕಣ್ಣೆತ್ತದೆ, “ಕೆಲವರಿಗೆ ಮನೇಲಿ ಕೂತು ದುಡಿಯೋದು ಸಾಕಾಗಿದೆ ಅಂತ ಕಾಣುತ್ತೆ. ಬಸ್ಸಲ್ಲಿ ನೇತಾಡಿಕೊಂಡು ಹೋಗೋದು ಎಷ್ಟು ಅಪಾಯ, ಗೊತ್ತಾ?” ಎಂದ.

ಆಮೇಲೊಂದು ಭಾನುವಾರ, ಅತ್ತೆಯ ಗೊರಕೆಯ ಬಗ್ಗೆ ತಂಗಿಗೆ ಬರೆದ ತಮಾಷೆ ಅತ್ತೆಯ ಬಾಯಲ್ಲೇ ವಾಪಸು ಬಂತು. “ನನ್ನ ಗೊರಕೆಗೆ ಲಾರಿ ನಿಲ್ಲುತ್ತಂತಲ್ಲಮ್ಮ!” ಟಕಟಕಿಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಅವಳು ಗಂಡನನ್ನು ಅಡುಗೆಮನೆಗೆ ಕರೆದು ನೇರವಾಗಿ ಕೇಳಿದಳು.

“ನಿಮಗೆ ಇದನ್ನೆಲ್ಲ ಯಾರು ಹೇಳ್ತಾರೆ?”

ಅವನು ನೀರು ಕುಡಿದು, ಲೋಟ ತೊಳೆದು, ಬೋರಲು ಹಾಕಿ, ಆಮೇಲೆ ಹೇಳಿದ: “ಯಾರು ಹೇಳ್ತಾರೆ? ನಿನ್ನ ಕಡೆಯವರೇ ಹೇಳ್ತಾರೆ.”

ಅವಳ ಕಡೆಯವರು ಎಂದು ಭೂಮಿಯ ಮೇಲೆ ಇದ್ದವಳು ಒಬ್ಬಳೇ. ಜಗಲಿಯ ಫೋನು ನೆನಪಾಯಿತು. ಫೋನಾದ ಮೇಲೆ ಊಟ, ಊಟದಲ್ಲಿ ಚುಚ್ಚುಮಾತು, ಲೆಕ್ಕ ಸರಿಹೋಯಿತು. ಟಕಟಕಿ ಬೀದಿಯ ಕೊನೆಯವರೆಗೆ ನಡೆದುಹೋಗಿ ತಂಗಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದಳು. “ಅಕ್ಕಾ, ನಾನು ಭಾವನ ಹತ್ರ ಹೂಂ ಅನ್ನೋದು ಬಿಟ್ಟು ಏನೂ ಮಾತಾಡಲ್ಲ” ಎಂದು ತಂಗಿ ಅತ್ತಳು. ಇವಳು, “ನಿನ್ನ ಹೂಂ ನನಗೆ ಗೊತ್ತು, ಇನ್ನು ಮೇಲೆ ನಾನಿಲ್ಲ ಅಂದ್ಕೋ” ಎಂದು ಫೋನಿಟ್ಟಳು. ಅಂದಿನಿಂದ ತಂಗಿ ಅಕ್ಕನಿಗೂ ಫೋನ್ ಮಾಡಲಿಲ್ಲ, ಭಾವನ ಫೋನನ್ನೂ ಎತ್ತಲಿಲ್ಲ. ಕೆಲವು ವಾರ ಕಳೆದ ಮೇಲೆ ತಂಗಿಯ ಗಂಡನಿಂದ ಒಂದು ಸಾಲು ಬಂತು: ಹೆಣ್ಣು ಮಗು, ಆಪರೇಷನ್ ಆಯಿತು, ಇಬ್ಬರೂ ಚೆನ್ನಾಗಿದ್ದಾರೆ. ಟಕಟಕಿ ಅದನ್ನು ಓದಿ ಫೋನನ್ನು ಬೋರಲಿಟ್ಟು ಯಾರದೋ ಮಂಡಿಚಿಪ್ಪಿನ ವಿವರ ಟೈಪು ಮಾಡಿದಳು. ಹೋಗಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಕೊಯ್ಯುವಾಗ ಯಾರಿಗೂ ನೆನಪಾಗುವುದಿಲ್ಲ.

ಒಂದು ಶನಿವಾರ ಮನೆಯಲ್ಲಿ ಯಾರೂ ಇರಲಿಲ್ಲ. ಹೊಟ್ಟೆಯುರಿಯೋ ಹಂಬಲವೋ, ಅವಳು ತಂಗಿಗೆ ಬರೆಯತೊಡಗಿದಳು. ‘ಇಲ್ಲಿ ಉಸಿರು ಕಟ್ಟುತ್ತೆ. ಬಸ್ ನಿಲ್ದಾಣದ ಹಿಂದೆ ಹಸಿರು ಬಾಗಿಲ ಒಂದು ಕೋಣೆ ನೋಡಿದ್ದೇನೆ, ಒಬ್ಬಳೇ ಇರೋಣ ಅನ್ನಿಸುತ್ತೆ.’ ಕೋಣೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ, ಎಲ್ಲ ಸಿಟ್ಟಿಗೆ ಹುಟ್ಟಿದ ಕತೆ. ಬರೆದು ಓದಿದಳು, ಯಾವ ಮುಖ ಇಟ್ಟುಕೊಂಡು ಕಳಿಸಲಿ ಎಂದು ಪೂರಾ ಅಳಿಸಿದಳು.

ಮರುದಿನ ಸ್ನಾನ ಮುಗಿಸಿ ಎಚ್ಚರಿಕೆ ಊಟಕ್ಕೆ ಕೂತ. ಪಲ್ಯ ಬಡಿಸುತ್ತಿದ್ದ ತಾಯಿಗೆ ಹೇಳಿದ: “ಬಸ್ ನಿಲ್ದಾಣದ ಹಿಂದಿನ ಕೋಣೆಗಳಿದಾವಲ್ಲಮ್ಮ, ಕಳ್ಳಕಾಕರ ಸಂತೆ. ಹೆಂಗಸರು ಒಬ್ಬರೇ ಇರೋ ಜಾಗ ಅಲ್ಲ. ಬಾಗಿಲಿಗೆ ಹಸಿರು ಬಣ್ಣ ಬಳಿದ ಮಾತ್ರಕ್ಕೆ ಭದ್ರ ಆಗಲ್ಲ.”

ಟಕಟಕಿ ಕೈಯ ತುತ್ತನ್ನು ತಟ್ಟೆಗೆ ಬಿಟ್ಟಳು. ತಂಗಿಗೆ ಕಳಿಸಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಆ ಹಸಿರು ಬಾಗಿಲು ಇದ್ದದ್ದು ಅವಳ ತಲೆಯಲ್ಲಿ, ಬೆರಳಲ್ಲಿ, ಕೀಬೋರ್ಡಿನಲ್ಲಿ. ತಲೆ ಮತ್ತು ಬೆರಳು ಚಾಡಿ ಹೇಳುವುದಿಲ್ಲ. ಅವಳು ಮೂಲೆಯ ಕಂಪ್ಯೂಟರನ್ನು ನೋಡಿದಳು, ಮಿಂದು ಮಡಿಯಾಗಿ ಕೂತಿತ್ತು. ಪ್ರತಿ ಸಲ ಮಾತು ಹೊರಬಿದ್ದದ್ದು ಫೋನಿನಿಂದಲ್ಲ, ಸ್ನಾನದಿಂದ ಎಂದು ಆಗ ಹೊಳೆಯಿತು. ಅಯ್ಯೋ ದೇವರೇ, ಇಷ್ಟು ದಿನ ಯಾರನ್ನು ಬೈದೆ?

ಆದರೆ ಒಮ್ಮೆ ಎಡವಿದವಳು ಎರಡನೇ ಸಲ ನೆಲ ನೋಡಿ ನಡೆಯುತ್ತಾಳೆ. ಮುಂದಿನ ಶನಿವಾರ ಅವಳು ಖಾಲಿ ಪುಟ ತೆರೆದು ಟೈಪು ಮಾಡಿದಳು: ‘ಬಟ್ಟೆ ಚೀಲ ಕಟ್ಟಿಟ್ಟಾಗಿದೆ. ಮೆಟ್ಟಿಲ ಕೆಳಗೆ, ಹಳೆ ಡಬ್ಬಗಳ ಹಿಂದೆ ಬಚ್ಚಿಟ್ಟಿದ್ದೇನೆ.’ ಅಳಿಸಿದಳು. ಎದ್ದುಹೋಗಿ ಬಟ್ಟೆ ಒಣಹಾಕಿದಳು.

ಭಾನುವಾರ ಅವಳು ತರಕಾರಿ ಹೆಚ್ಚುತ್ತ ಕಿವಿಯನ್ನು ಮುಂದಿನ ಕೋಣೆಯಲ್ಲಿಟ್ಟಿದ್ದಳು. ಕುರ್ಚಿ ಸರಿದ ಸದ್ದು. ಹೆಜ್ಜೆ ಜಗಲಿಯ ಕಡೆ ಹೋಗಲಿಲ್ಲ, ಮೆಟ್ಟಿಲ ಕಡೆ ಹೋಯಿತು. ಡಬ್ಬ ಉರುಳಿತು, ಇನ್ನೊಂದು ಉರುಳಿತು, ಆಮೇಲೆ ಧಡ್ ಎಂದು ಒಂದು ಸದ್ದು, ಹಿಂದೆಯೇ “ಅಮ್ಮಾ!” ಅವಳು ಹೋಗಿ ನೋಡಿದರೆ ಸುರಕ್ಷತಾ ಅಧಿಕಾರಿಗಳು ‘ತಲೆ ಜೋಪಾನ’ ಚೀಟಿಗೆ ಸರಿಯಾಗಿ ಕೆಳಗೆ ತಲೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ಕೂದಲಿಗೆಲ್ಲ ಸುಣ್ಣ.

“ಏನು ಹುಡುಕ್ತಿದ್ರಿ?”

“ಇಲಿ. ಇಲಿ ಓಡಿದ ಹಾಗಾಯ್ತು.”

“ಇಲಿ ಇರಲಿ. ನನ್ನ ಚೀಲ ಸಿಕ್ತಾ?”

ಯಾವ ಚೀಲ ಎಂದು ಕೇಳಿದ್ದರೆ ಆ ಕ್ಷಣಕ್ಕಾದರೂ ಬಚಾವಾಗುತ್ತಿದ್ದ. ಅವನು ಕೇಳಿದ್ದು, “ಎಲ್ಲಿಟ್ಟಿದ್ದೀಯ?”

“ಎಲ್ಲೂ ಇಟ್ಟಿಲ್ಲ! ಚೀಲಾನೇ ಇಲ್ಲ! ನಿನ್ನೆ ಟೈಪು ಮಾಡ್ದೆ, ಅಳಿಸ್ದೆ. ನರಪಿಳ್ಳೆಗೂ ಕಳಿಸಿಲ್ಲ. ನಿಮಗೆ ಹೇಗ್ರೀ ಗೊತ್ತಾಯ್ತು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕಂಪ್ಯೂಟರಿನ ಕಡೆ ನೋಡಿದ. ಅವಳು ಅವನ ತೋಳು ಹಿಡಿದು ಎಬ್ಬಿಸಿ ಅದರ ಮುಂದೆ ಕೂರಿಸಿದಳು. “ತೋರಿಸಿ” ಎಂದಳು. ಆ ದನಿಯನ್ನು ಅವನು ಈ ಮೊದಲು ಕೇಳಿರಲಿಲ್ಲ.

ತೋರಿಸಿದ. ಅವಳು ಒತ್ತಿದ ಒಂದೊಂದು ಅಕ್ಷರವನ್ನೂ ಕದ್ದು ಬರೆದಿಡುವ ಪ್ರೋಗ್ರಾಂ. ವೈರಸ್ ಕಾಯುವ ಕಾವಲು ಅದನ್ನು ಹಾಕಿದ ದಿನವೇ ಹಿಡಿದು ಕೂಗಿತ್ತು. ಇವನೇ ‘ಇದು ನಮ್ಮದು, ಬಿಡು’ ಎಂದು ಅದರ ಬಾಯಿ ಮುಚ್ಚಿಸಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಅದೂ ವಾರವಾರ ಎಲ್ಲರೆದುರು, ತಾಯಿ ಕೊಟ್ಟ ಟೀ ಕುಡಿಯುತ್ತ. ಅಲ್ಲಿ ತಂಗಿಗೆ ಬರೆದದ್ದಿತ್ತು, ಅಳಿಸಿದ್ದಿತ್ತು, ಎದುರು ಮನೆಯವರ ಕಲ್ಲೂ ಇತ್ತು, ಯಾರು ಯಾರ ಗಡ್ಡೆಯೋ ಗರ್ಭಪಾತವೋ ಎಲ್ಲ ಇತ್ತು.

“ಇದನ್ನ ಎಲ್ಲಿಂದ ತಂದ್ರಿ?”

“ಇಂಟರ್‌ನೆಟ್ಟಲ್ಲಿ ಪುಕ್ಕಟೆ ಸಿಕ್ತು.”

“ಮಾಡಿದೋರು ಯಾರು? ಇಲ್ಲಿರೋದು ಅವರಿಗೂ ಹೋಗುತ್ತಾ?”

“ಗೊತ್ತಿಲ್ಲ.”

ಅವಳು ಕಂಪ್ಯೂಟರಿನ ನೆತ್ತಿಯ ಚೀಟಿಯನ್ನು ಬೆರಳಿಂದ ಕುಟ್ಟಿ ತೋರಿಸಿದಳು. ಅವನು ಓದಲಿಲ್ಲ. ಅಷ್ಟರಲ್ಲಿ ಅವನಿಗೆ ಕಳೆದುಹೋದ ದನಿ ವಾಪಸು ಬಂದಿತ್ತು. “ನೋಡು, ನಿನ್ನ ಒಳ್ಳೇದಕ್ಕೇ ಮಾಡಿದ್ದು. ಕಾರ್ಖಾನೇಲೂ ಕ್ಯಾಮೆರಾ ಇರುತ್ತೆ, ಅಲ್ಲಿ ಯಾರೂ ಹೀಗೆ ಕೂಗಾಡಲ್ಲ.”

“ಅಲ್ಲಿ ಕ್ಯಾಮೆರಾ ಇದೆ ಅಂತ ಬೋರ್ಡು ಹಾಕ್ತೀರಿ. ಮನೆ ತುಂಬ ಇಷ್ಟೊಂದು ಚೀಟಿ ಅಂಟಿಸಿದ್ರಲ್ಲ, ಆ ಒಂದು ಚೀಟಿ ಎಲ್ಲಿ?”

ಅತ್ತೆ ಬಾಗಿಲಲ್ಲಿ ನಿಂತು, “ಮುಚ್ಚಿಡೋದೇನೂ ಇಲ್ಲದೋರಿಗೆ ಭಯ ಯಾಕಮ್ಮ?” ಎಂದರು.

“ನೀವು ನಿಮ್ಮ ತಂಗಿ ಹತ್ರ ಫೋನಲ್ಲಿ ನನ್ನ ಬಗ್ಗೆ ಮಾತಾಡುವಾಗ ಬಾಗಿಲು ಯಾಕೆ ಹಾಕ್ಕೋತೀರಿ, ಅತ್ತೆ?”

ಅತ್ತೆಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಒಳಗೆ ಹೋದರು. ಟಕಟಕಿ ಗಂಡನ ಕಡೆ ತಿರುಗಿದಳು. ಅವನು ಕದ್ದು ಓದಿದ್ದನ್ನು ಅವಳು ಒಂದು ದಿನ ಮರೆತಾಳು, ಇನ್ನೊಂದನ್ನು ಮರೆಯಲಾರಳು. “ಓದಿದ್ರಿ, ಸರಿ. ಯಾರು ಹೇಳಿದ್ರು ಅಂತ ನಾನು ಬಾಯಿಬಿಟ್ಟು ಕೇಳಿದೆ. ನಿಮ್ಮ ತಪ್ಪು ಮುಚ್ಚೋಕೆ ನನ್ನ ತಂಗೀನ ಮುಂದೆ ಮಾಡಿದ್ರಿ. ತುಂಬಿದ ಬಸುರೀನ.”

“ನಾನು ಹೆಸರು ಹೇಳಿರಲಿಲ್ಲ” ಎಂದ ಎಚ್ಚರಿಕೆ.

ಅವಳು ಕಂಪ್ಯೂಟರಿನ ತಂತಿಯನ್ನು ಗೋಡೆಯಿಂದ ಕಿತ್ತು, ತರಕಾರಿ ಹೆಚ್ಚುವುದನ್ನು ಅರ್ಧಕ್ಕೇ ಬಿಟ್ಟು, ಆಸ್ಪತ್ರೆಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗಂಡ ಕೈ ಮುಗಿದು ಬೇಡ ಬೇಡ ಎಂದ, ಅವಳು ಅವನ ಕಡೆ ನೋಡಲಿಲ್ಲ. ಆಸ್ಪತ್ರೆಯವರಿಗೂ ಕೋಪ ಬಂತು, ಬರಬೇಕಾದದ್ದೇ. ಆ ಯಂತ್ರವನ್ನು ತಾವೇ ತರಿಸಿಕೊಂಡು ಒರೆಸಿ ತೊಳೆಯುವುದಾಗಿಯೂ ಮನೆಗೆ ಇನ್ನು ಕೆಲಸ ಕಳಿಸುವುದಿಲ್ಲವೆಂದೂ ಹೇಳಿದರು. ವಿಭಾಗದ ಹಿರಿಯಾಕೆ ಕೊನೆಗೆ, “ಕುರ್ಚಿ ಇನ್ನೂ ಖಾಲಿ ಇದೆ. ಇಲ್ಲಿಗೇ ಬರ್ತೀಯಾ?” ಎಂದು ಕೇಳಿದಳು. “ಬರ್ತೀನಿ, ಮೊದಲು ತಂಗಿ ಮನೆಗೆ ಹೋಗಿ ಬಂದು” ಎಂದಳು ಟಕಟಕಿ. ಆಮೇಲೆ ನಿಜವಾಗಿಯೂ ಒಂದು ಚೀಲಕ್ಕೆ ಬಟ್ಟೆ ತುಂಬಿದಳು, ಬಚ್ಚಿಡದೆ ಎಲ್ಲರೆದುರೇ ಹೆಗಲಿಗೇರಿಸಿಕೊಂಡು ಹೊರಟಳು. ಜಗಲಿ ದಾಟುವಾಗ ಗಂಡ ಹಿಂದಿನಿಂದ, “ಬಸ್ಸಲ್ಲಿ ಬಾಗಿಲ ಹತ್ರ ನಿಲ್ಲಬೇಡ” ಎಂದ.

ತಂಗಿ ಬಾಗಿಲು ತೆರೆದವಳು ಒಳಗೆ ಬಾ ಎನ್ನಲಿಲ್ಲ. ಸೊರಗಿದ್ದಳು. ಹೆಗಲ ಮೇಲೆ ಮಗು. ಟಕಟಕಿ ಹೊಸ್ತಿಲಾಚೆ ನಿಂತೇ ಎಲ್ಲವನ್ನೂ ಹೇಳಿದಳು: ಕಳ್ಳ ಪ್ರೋಗ್ರಾಂ, ಹಸಿರು ಬಾಗಿಲು, ಇಲ್ಲದ ಚೀಲ, ಮೆಟ್ಟಿಲ ಕೆಳಗಿನ ಧಡ್. ತಂಗಿ ಕೊನೆತನಕ ಕೇಳಿದಳು. ಎಲ್ಲೂ ನಗಲಿಲ್ಲ.

“ಜಾಣೆ ನೀನು,” ಎಂದಳು ತಂಗಿ. “ಒಂದು ಕಂಪ್ಯೂಟರನ್ನ ಕಳ್ಳ ಅನ್ನೋಕೆ ಮುಂಚೆ ಒಂದು ವಾರ ಕಾದು, ಸುಳ್ಳು ಚೀಲ ಕಟ್ಟಿ, ಪರೀಕ್ಷೆ ಮಾಡಿ ನೋಡಿದೆ. ನನಗೆ? ನನಗೆ ಒಂದು ಫೋನಲ್ಲೇ ತೀರ್ಪು ಕೊಟ್ಟೆ. ಹೊಟ್ಟೆ ಕೊಯ್ಯೋಕೆ ಒಳಗೆ ಕರ್ಕೊಂಡು ಹೋಗುವಾಗ ನರ್ಸು ಕೇಳಿದ್ರು, ನಿಮ್ಮ ಕಡೆಯವರು ಯಾರಾದ್ರೂ ಬಂದಿದ್ದಾರಾ ಅಂತ. ಬರ್ತಾರೆ ಅಂದೆ. ಅಷ್ಟು ದೊಡ್ಡ ಸುಳ್ಳು ನಾನು ಯಾವತ್ತೂ ಹೇಳಿರಲಿಲ್ಲ.”

ಗಂಡನ ಮೇಲೆ, ಅತ್ತೆಯ ಮೇಲೆ ಅಷ್ಟು ಸಲೀಸಾಗಿ ಹರಿದ ಸಿಟ್ಟು ಈಗ ತಿರುಗಿ ಟಕಟಕಿಯ ಎದೆಗೇ ಬಂದು ನಿಂತಿತ್ತು, ಅದನ್ನು ಇಳಿಸಲು ಬೇರೆ ಜಾಗವಿರಲಿಲ್ಲ. ಅವಳು ಚೀಲವನ್ನು ಕೆಳಗಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳು ಬಂತು.

ತಂಗಿ ಹೊಸ್ತಿಲು ದಾಟಿ ಹೊರಗೆ ಬಂದಳು. “ನನ್ನ ಕೋಪ ಇನ್ನೂ ಹೋಗಿಲ್ಲ,” ಎಂದಳು. “ಬೇಗ ಹೋಗೋದೂ ಇಲ್ಲ. ನನಗೆ ಊಟ ಮಾಡಬೇಕು, ಬೆಳಗಿಂದ ಇವಳು ಕೆಳಗಿಳೀತಿಲ್ಲ. ಹಿಡ್ಕೋ.”

ಮಗು ಅಕ್ಕನ ತೋಳಿಗೆ ಬಂತು, ಬಂದದ್ದೇ ಕಿರುಚಿತು. ಟಕಟಕಿ ಗಾಬರಿಯಾಗಿ ಅದರ ಬೆನ್ನು ತಟ್ಟಿದಳು. ಒಳಗೆ ಹೋಗುತ್ತಿದ್ದ ತಂಗಿ ತಿರುಗಿ ನೋಡಿ ಗದರಿದಳು.

“ಮೆಲ್ಲಗೆ ತಟ್ಟು, ಟಕಟಕಿ. ಅದು ಕೀಬೋರ್ಡಲ್ಲ.”